ಎರಕ ಹೊಯ್ದ ಸೀಸದ ಗುಂಡಿಗೆ ಪೌಡರ್ ಕೋಟಿಂಗ್: ಹ್ಯೂಸ್ಟನ್ ಗ್ಯಾರೇಜಿನಲ್ಲಿ ನಾನು ಕಂಡಿದ್ದು

ಬಂದೂಕಿನ ಸೀಸದ ಗುಂಡನ್ನು ಮನೆಯಲ್ಲೇ ಎರಕ ಹೊಯ್ದು ಅದಕ್ಕೆ ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣದ ಲೇಪ, ಮಾಡುವುದು ನೋಡೋಕೆ ಸುಲಭದ ಕೆಲಸ. ಡಬ್ಬಿಗೆ ಹಾಕಿ ಅಲ್ಲಾಡಿಸು, ಓವನ್ನಿನಲ್ಲಿಟ್ಟು ಬೇಯಿಸು, ಆಯ್ತು ಅನ್ನುತ್ತಾರೆ. ನನಗೆ ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಹಿಡಿಯಿತು. ಅದರಲ್ಲಿ ಬಣ್ಣ ಹಚ್ಚೋದಕ್ಕೆ ಹೋದ ಸಮಯ ತೀರಾ ಕಡಿಮೆ. ಉಳಿದದ್ದೆಲ್ಲ ಕಾಗದಪತ್ರಕ್ಕೆ, ಕಾಯುವುದಕ್ಕೆ, ಇಲ್ಲಿನ ಗಾಳಿಯ ತೇವದ ಜೊತೆ ಗುದ್ದಾಡುವುದಕ್ಕೆ ಹೋಯಿತು. ಎಲ್ಲಕ್ಕಿಂತ ಜಾಸ್ತಿ ತಲೆಬಿಸಿ ಆಗಿದ್ದು ಸೀಸ ಮನೆಯೊಳಗೆ ಬರದ ಹಾಗೆ ನೋಡಿಕೊಳ್ಳುವುದರಲ್ಲಿ. ಈಗ ತಾನೇ ಮುಗಿಸಿದ್ದೇನೆ. ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾನು ಕೊಡಗಿನವಳು. ನಮ್ಮಲ್ಲಿ ಕೋವಿ ಅಂದರೆ ಮನೆಯ ವಸ್ತು. ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ತೋಕ್‌ಪೂ ಅನ್ನುವ ಹೂವು ಮುಡಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ಹಾಗಾಗಿ ಟೆಕ್ಸಾಸ್‌ಗೆ ಬಂದ ಮೇಲೆ ಗುರಿ ಅಭ್ಯಾಸ ಮಾಡಬೇಕು ಅನ್ನಿಸಿದ್ದರಲ್ಲಿ ನನಗೆ ವಿಶೇಷ ಏನೂ ಕಾಣಲಿಲ್ಲ. ಆದರೆ ಇಲ್ಲಿ ರಿವಾಲ್ವರಿಗೆ ಹಾಕುವ ಐವತ್ತು ತೋಟಾಗಳ ಒಂದು ಡಬ್ಬಿ .38 ಸ್ಪೆಷಲ್‌ಗೆ ಮೂವತ್ತು ಡಾಲರಿನ ಆಸುಪಾಸು ಕೊಡಬೇಕು. ವಾರ ವಾರ ಹೊಡೆಯುವವರಿಗೆ ಅದು ದೊಡ್ಡ ಖರ್ಚು. ಅದಕ್ಕೇ ಇಲ್ಲಿ ಬಹಳ ಜನ ಹೊಡೆದ ಮೇಲೆ ಉಳಿಯುವ ತೋಟಾದ ಖಾಲಿ ಕೇಸುಗಳನ್ನು ಎತ್ತಿಟ್ಟುಕೊಂಡು ಮನೆಯಲ್ಲೇ ಮತ್ತೆ ತುಂಬುತ್ತಾರೆ, ಗುಂಡನ್ನೂ ಮನೆಯಲ್ಲೇ ಹೊಯ್ಯುತ್ತಾರೆ.

ಬರೀ ಸೀಸದ ಗುಂಡು ನಳಿಗೆಯೊಳಗೆ ಉಜ್ಜಿಕೊಂಡು ಹೋಗುವಾಗ ಸೀಸದ ಪದರ ಬಿಟ್ಟು ಹೋಗುತ್ತದೆ. ಅದನ್ನು ತಡೆಯೋಕೆ ಹಿಂದಿನಿಂದಲೂ ಜೇನುಮೇಣ, ಆಲಾಕ್ಸ್ ಥರದ ಜಿಡ್ಡು ಸವರುತ್ತಿದ್ದರು. ಅದು ವಿಪರೀತ ಹೊಗೆ, ಕೈಗೆಲ್ಲ ಅಂಟು. ಪೌಡರ್ ಕೋಟಿಂಗ್ ಅಂದರೆ ಕಿಟಕಿ ಫ್ರೇಮಿಗೆ, ಬೈಕಿನ ಚಾಸಿಗೆ ಹಚ್ಚುವ ಅದೇ ಪಾಲಿಯೆಸ್ಟರ್ ಪುಡಿ. ಬಿಸಿಗೆ ಕರಗಿ, ಹರಡಿ, ಗಟ್ಟಿಯಾಗಿ ಗುಂಡಿನ ಮೇಲೆ ತೆಳುವಾದ ಒಂದು ಚಿಪ್ಪು ಆಗುತ್ತದೆ. ಹೊಗೆ ಇಲ್ಲ, ಜಿಡ್ಡು ಇಲ್ಲ, ಮುಟ್ಟಿದರೆ ಕೈಗೆ ಸೀಸ ಹತ್ತುವುದೂ ಕಡಿಮೆ. ನನ್ನನ್ನು ಒಪ್ಪಿಸಿದ್ದು ಈ ಕೊನೆಯ ಮಾತು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ.

ಮೊದಲು ಕಾಗದಪತ್ರದ ವಿಷಯ. ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅಮೆರಿಕದಲ್ಲಿ ಎಚ್-1ಬಿ, ಎಲ್-1, ಎಫ್-1 ಥರದ ತಾತ್ಕಾಲಿಕ ವೀಸಾದ ಮೇಲೆ ಇರುವವರು ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ಸಾಮಾನ್ಯರಿಗೆ ಸಿಗುವುದು ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. "ನಾನು ಬಂದೂಕು ಕೊಳ್ಳಲ್ಲ, ಸುಮ್ನೆ ಗುಂಡು ಎರಕ ಹೊಯ್ದು ಗೆಳೆಯನಿಗೆ ಕೊಡ್ತೀನಿ" ಅಂತ ಒಬ್ಬರು ನನ್ನ ಹತ್ತಿರ ಹೇಳಿದ್ದರು. ಅದೂ ಆಗುವುದಿಲ್ಲ. ಪೂರ್ತಿ ತೋಟಾ ಮಾತ್ರ ಅಲ್ಲ, ಖಾಲಿ ಕೇಸು, ಕಿಡಿ ಹಚ್ಚುವ ಪ್ರೈಮರ್, ಮದ್ದು, ಬಿಡಿ ಗುಂಡು, ಎಲ್ಲವನ್ನೂ ಆ ಕಾನೂನು ಮದ್ದುಗುಂಡು ಅಂತಲೇ ಎಣಿಸುತ್ತದೆ. ವೀಸಾ ಮೇಲಿರುವ ಹುಡುಗರು ಒಂದು ಹವ್ಯಾಸಕ್ಕಾಗಿ ಇಡೀ ಬದುಕನ್ನು ಪಣಕ್ಕಿಡಬಾರದು. ಸಂಶಯ ಇದ್ದರೆ ವಕೀಲರನ್ನು ಕೇಳಿ, ಗೆಳೆಯರನ್ನಲ್ಲ.

ನನಗೆ ಗ್ರೀನ್ ಕಾರ್ಡ್ ಬಂದಿತ್ತು. ಆದರೂ ರಿವಾಲ್ವರ್ ಕೈಗೆ ಬರೋಕೆ ಸಮಯ ಹಿಡಿಯಿತು. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು. ನಾಗರಿಕರಲ್ಲದವರು ಗ್ರೀನ್ ಕಾರ್ಡಿನ ಮೇಲಿರುವ ಏಲಿಯನ್ ನಂಬರನ್ನೂ ಬರೆಯಬೇಕು. ನಾವು ಮನೆ ಬದಲಿಸಿ ಹೆಚ್ಚು ದಿನ ಆಗಿರಲಿಲ್ಲ. ಡ್ರೈವಿಂಗ್ ಲೈಸೆನ್ಸಿನ ಹೊಸ ಕಾರ್ಡು ಇನ್ನೂ ಅಂಚೆಯಲ್ಲಿತ್ತು, ಕೈಯಲ್ಲಿದ್ದ ಕಾರ್ಡಿನಲ್ಲಿ ಹಳೇ ವಿಳಾಸ. ಅಂಗಡಿಯವರು ಒಪ್ಪಲಿಲ್ಲ. ಆಮೇಲೆ ಗೊತ್ತಾಯಿತು, ಸರ್ಕಾರವೇ ಕೊಟ್ಟ ಬೇರೆ ದಾಖಲೆಯಲ್ಲಿ ಹೊಸ ವಿಳಾಸ ಇದ್ದರೆ ಅದನ್ನು ಜೊತೆಗೆ ತೋರಿಸಬಹುದು. ಕಾರಿನ ರಿಜಿಸ್ಟ್ರೇಷನ್ ಕಾಗದ ಒಯ್ದೆ, ಕೆಲಸ ಆಯಿತು. ಅದಾದ ಮೇಲೆ ಎಫ್‌ಬಿಐನ ಹಿನ್ನೆಲೆ ತಪಾಸಣೆ. ಬಹಳ ಜನರಿಗೆ ಅಲ್ಲೇ ನಿಂತಂತೆ ಉತ್ತರ ಬರುತ್ತದೆ. ನನ್ನದು "ಡಿಲೇ" ಅಂತ ಬಂತು. ಅಂಗಡಿಯ ಕೌಂಟರಿನ ಮುಂದೆ ನಿಂತು ಆ ಮಾತು ಕೇಳುವಾಗ ಎದೆ ಧಸಕ್ಕೆಂದಿತು. ಏನು ತಪ್ಪಾಗಿದೆಯೋ, ಇಮಿಗ್ರೇಷನ್ ಕಡತದಲ್ಲಿ ಏನು ಇದೆಯೋ ಅಂತ ರಾತ್ರಿಯೆಲ್ಲ ಯೋಚನೆ. ಅದು ನಿರಾಕರಣೆ ಅಲ್ಲ, ಇನ್ನೂ ನೋಡುತ್ತಿದ್ದಾರೆ ಅಂತ ಅಷ್ಟೇ ಅರ್ಥ. ನನಗೆ ಒಪ್ಪಿಗೆ ಬಂತು. ನಿಮಗೂ ಹಾಗೆ ಬಂದರೆ ಗಾಬರಿ ಆಗಬೇಡಿ.

ಗುಂಡನ್ನು ಸ್ವಂತಕ್ಕೆ ಎರಕ ಹೊಯ್ಯೋಕೆ ಫೆಡರಲ್ ಲೈಸೆನ್ಸ್ ಬೇಡ. ಮಾಡಿ ಮಾರುವ ವ್ಯಾಪಾರಕ್ಕೆ ಇಳಿದರೆ ಬೇಕು. ರಾಜ್ಯದ ನಿಯಮ ಬೇರೆ ಬೇರೆ ಇರುತ್ತದೆ, ನಿಮ್ಮ ರಾಜ್ಯದ್ದನ್ನು ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದವರಿಗೆ ಒಂದು ಮಾತು: ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಮದ್ದುಗುಂಡು ಪೂರ್ತಿ ನಿಷಿದ್ಧ. ಮೇಲೆ ಎಷ್ಟೇ ಬಣ್ಣ ಹಚ್ಚಿದರೂ ಒಳಗಿರುವುದು ಸೀಸವೇ.

ಆಮೇಲೆ ಸೀಸ ಹುಡುಕುವ ಕೆಲಸ. ಹಿಂದೆ ಟೈರ್ ಅಂಗಡಿಗೆ ಹೋಗಿ ಕೇಳಿದರೆ ಚಕ್ರದ ಬ್ಯಾಲೆನ್ಸ್‌ಗೆ ಹಾಕುವ ಹಳೇ ತೂಕಗಳನ್ನು ಬಕೆಟ್ಟುಗಟ್ಟಲೆ ಕೊಡುತ್ತಿದ್ದರಂತೆ. ಈಗ ಕೊಡುವವರೂ ಕಡಿಮೆ, ಕೊಟ್ಟರೂ ಅದರಲ್ಲಿ ಅರ್ಧಕ್ಕರ್ಧ ಕಬ್ಬಿಣ, ಸತು. ಕಬ್ಬಿಣ ಕರಗುವುದೇ ಇಲ್ಲ, ಮೇಲೆ ತೇಲುತ್ತದೆ, ಅದರಿಂದ ತೊಂದರೆ ಇಲ್ಲ. ತೊಂದರೆ ಸತುವಿನದು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 419ಕ್ಕೆ. ಪಾತ್ರೆಯ ಬಿಸಿ ಮಿತಿಯಲ್ಲಿದ್ದರೆ ಸತುವಿನ ತುಂಡು ತೇಲಿಕೊಂಡೇ ಇರುತ್ತದೆ, ಚಮಚದಲ್ಲಿ ತೆಗೆದು ಬಿಸಾಡಬಹುದು. ಬಿಸಿ ಏರಿ ಅದೂ ಕರಗಿ ಬೆರೆಯಿತೋ, ಆ ಪಾತ್ರೆಯ ಲೋಹ ಗಂಜಿಯಂತಾಗಿ ಅಚ್ಚಿನಲ್ಲಿ ಸರಿಯಾಗಿ ತುಂಬುವುದಿಲ್ಲ. ತೂಕದ ಮೇಲೆ "ಝಡ್‌ಎನ್" ಅಂತ ಒತ್ತಿದ್ದರೆ ಅದು ಸತು. ಗುರುತು ಅಳಿಸಿದ್ದರೆ ಒಂದು ಹನಿ ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಮ್ಲ) ಹಾಕಿ ನೋಡಿ. ಸತು ಬುಸುಬುಸು ಗುಳ್ಳೆ ಬಿಡುತ್ತದೆ, ಸೀಸ ಸುಮ್ಮನಿರುತ್ತದೆ.

ಇದೆಲ್ಲ ರಗಳೆ ಬೇಡ ಅಂತ ಕೊನೆಗೆ ನಾನು ಗಟ್ಟಿ ಮಾಡಿಟ್ಟ ಮಿಶ್ರಲೋಹವನ್ನೇ ಅಂಚೆಯಲ್ಲಿ ತರಿಸಿದೆ. ಇಲ್ಲಿನ ಅಂಚೆಯ ಫ್ಲಾಟ್ ರೇಟ್ ಡಬ್ಬಿಗೆ 70 ಪೌಂಡಿನವರೆಗೆ ಒಂದೇ ದರ. ಸೀಸ ಮಾರುವವರಿಗೆ ಅದು ವರ. ಪಾಪ, ಅಂಚೆಯವನು ಅಂಗೈಯಗಲದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡ. ಒಂದು ಪೌಂಡಿಗೆ ಮೂರು ಡಾಲರಿನ ಲೆಕ್ಕ ಬಿತ್ತು. ಒಂದು ಪೌಂಡಿಗೆ 7000 ಗ್ರೇನ್ (ಗುಂಡಿನ ತೂಕದ ಅಳತೆ), ನನ್ನ ಗುಂಡು 158 ಗ್ರೇನ್. ಅಂದರೆ ಪೌಂಡಿಗೆ ನಲವತ್ನಾಲ್ಕು ಗುಂಡು. ನೀವೇ ಲೆಕ್ಕ ಹಾಕಿ.

ಬರೀ ಸೀಸ ತೀರಾ ಮೆದು, ಉಗುರಿನಿಂದ ಗೀರಬಹುದು. ಅದಕ್ಕೆ ಗಡಸುತನಕ್ಕೆ ಆಂಟಿಮನಿ, ಅಚ್ಚಿನ ಮೂಲೆಮೂಲೆಗೂ ಹರಿಯಲಿ ಅಂತ ಸ್ವಲ್ಪ ತವರ ಬೇಕು. ಇಲ್ಲಿನ ಹಳಬರು ಲೈನೋಟೈಪ್ ಲೋಹ ಸಿಕ್ಕಿದರೆ ಬಿಡುವುದಿಲ್ಲ. ನಮ್ಮ ಊರಿನ ಹಳೇ ಪ್ರೆಸ್ಸುಗಳಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರಲ್ಲ, ಅದೇ ಜಾತಿಯ ಲೋಹ. ಅದರಲ್ಲಿ ಸೀಸ ಶೇಕಡಾ 84, ಆಂಟಿಮನಿ 12, ತವರ 4 ಇರುತ್ತದೆ. ಮೆದು ಸೀಸಕ್ಕೆ ಅದನ್ನು ಬೆರೆಸಿ ಹದ ಮಾಡುತ್ತಾರೆ. ತವರಕ್ಕಾಗಿ ಬೆಸುಗೆ ತಂತಿ ಹಾಕುವುದೂ ಉಂಟು. ಹಾಕಿ, ಆದರೆ ಹಿತಮಿತವಾಗಿ. ತವರ ಸೀಸದ ಬೆಸುಗೆ ಲೋಹ 183 ಡಿಗ್ರಿಗೇ ಕರಗುತ್ತದೆ, ಮುಂದೆ ಓವನ್ನಿನಲ್ಲಿ ನಾವು ಇಡುವ ಬಿಸಿ ಅದಕ್ಕಿಂತ ಜಾಸ್ತಿ.

ಸಾಮಾನಿನ ಖರ್ಚು ಹೇಳಿಬಿಡುತ್ತೇನೆ. ವಿದ್ಯುತ್ ಕರಗಿಸುವ ಪಾತ್ರೆ ನೂರು ಡಾಲರ್ ಹತ್ತಿರ. ಒಮ್ಮೆಗೆ ಎರಡು ಗುಂಡು ಹೊಯ್ಯುವ ಅಲ್ಯೂಮಿನಿಯಂ ಅಚ್ಚು ನಲವತ್ತು. ಅಳತೆಗೆ ತರುವ ಸೈಸಿಂಗ್ ಡೈ ಮೂವತ್ತು ಚಿಲ್ಲರೆ. ಹಳೇ ಸಾಮಾನಿನ ಅಂಗಡಿಯಲ್ಲಿ ಕನ್ವೆಕ್ಷನ್ ಟೋಸ್ಟರ್ ಓವನ್ ಇಪ್ಪತ್ತು. ಒಂದು ಪೌಂಡ್ ಕೆಂಪು ಪುಡಿ ಹದಿನೈದು, ಅದು ಸಾವಿರಾರು ಗುಂಡುಗಳಿಗೆ ಬರುತ್ತದೆ. ಮುಖಕ್ಕೆ ಸಣ್ಣ ಧೂಳನ್ನೂ ತಡೆಯುವ ಪಿ-100 ಫಿಲ್ಟರಿನ ಮಾಸ್ಕ್, ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ, ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇರುವ ಥರ್ಮಾಮೀಟರ್, ಸೀಸ ತೊಳೆಯುವ ವಿಶೇಷ ಸೋಪು, ಇವೆಲ್ಲ ಸೇರಿ ಇನ್ನೊಂದು ನೂರು. ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು ಈ ಕೊನೆಯದು. ಅದರಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ.

ಓವನ್ ಬಂದ ದಿನ ನನ್ನ ಗಂಡ ಅದರ ನಾಲ್ಕೂ ಕಡೆ ಕೆಂಪು ಮಾರ್ಕರಿನಲ್ಲಿ "ವಿಷ, ಅಡುಗೆಗಲ್ಲ" ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. "ಇದು ಗ್ಯಾರೇಜಿನ ಹೊಸ್ತಿಲು ದಾಟಿ ಒಳಗೆ ಬರಬಾರದು ನೋಡು" ಅಂದರು. ಸರಿಯಾದ ಮಾತು. ಒಮ್ಮೆ ಇದಕ್ಕೆ ಬಳಸಿದ ಓವನ್, ಚಮಚ, ತಟ್ಟೆ ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು.

ಕರಗಿಸುವ ಮೊದಲೇ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ನಿರ್ಧರಿಸಿದ್ದೆ. ಮುಂದೆ ಹೋಲಿಸಿ ನೋಡೋಕೆ ಒಂದು ಆರಂಭದ ಅಂಕಿ ಬೇಕಲ್ವಾ? ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ರಕ್ತ ತೆಗೆದರು. ಫಲಿತಾಂಶ ಹೆಚ್ಚು ಅಂತ ಬಂತು. ಇನ್ನೂ ಪಾತ್ರೆಯನ್ನೇ ಬಿಸಿ ಮಾಡಿಲ್ಲ! ನನ್ನ ತಲೆಯಲ್ಲಿ ಇದ್ದದ್ದು ಮಗಳು ಒಬ್ಬಳೇ. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಬೆರಳಿನ ಚರ್ಮದ ಮೇಲೆ ಸೀಸದ ಕಣ ಇದ್ದರೆ ಅದು ರಕ್ತದ ಹನಿಗೆ ಸೇರಿ ಅಂಕಿ ಏರಿಸುತ್ತದೆ. ಹೆಚ್ಚು ಬಂದರೆ ತೋಳಿನ ರಕ್ತನಾಳದಿಂದ ತೆಗೆದು ಖಚಿತ ಮಾಡಿಕೊಳ್ಳಬೇಕು. ಎರಡನೇ ಫಲಿತಾಂಶಕ್ಕೆ ಕಾದ ದಿನಗಳು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟದವು. ಮಗಳನ್ನು ಎತ್ತಿಕೊಳ್ಳೋಕೂ ಹಿಂಜರಿಕೆ. ಕೊನೆಗೆ ಅಂಕಿ ಕಡಿಮೆಯೇ ಬಂತು, ಮಗಳದ್ದೂ ಸರಿಯಾಗಿತ್ತು. ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳಿಗೆ ಗಮನ ಕೊಡಬೇಕಾದ ಮಟ್ಟವನ್ನು ಒಂದು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಅಂತ ಇಟ್ಟಿದೆ. ಅಪಾಯವೇ ಇಲ್ಲ ಅನ್ನುವ ಮಟ್ಟ ಅಂತ ಒಂದು ಗೊತ್ತಾಗಿಲ್ಲ. ನೀವು ಪರೀಕ್ಷೆ ಮಾಡಿಸುವಾಗ ನೇರವಾಗಿ ತೋಳಿನಿಂದಲೇ ತೆಗೆಯಿರಿ ಅಂತ ಕೇಳಿ, ಈ ಒದ್ದಾಟ ತಪ್ಪುತ್ತದೆ. ಗರ್ಭಿಣಿಯರು, ಮಗು ಬೇಕು ಅಂತ ಇರುವವರು, ಹಾಲೂಡಿಸುವವರು ಈ ಕೆಲಸವನ್ನು ಮುಂದಕ್ಕೆ ಹಾಕಿ. ಎಲುಬಿನಲ್ಲಿ ಕೂತ ಸೀಸ ಆ ಸಮಯದಲ್ಲಿ ರಕ್ತಕ್ಕೆ ಇಳಿಯುತ್ತದೆ, ಮಗುವಿಗೂ ಹೋಗುತ್ತದೆ.

ಎರಕದ ದಿನ ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ಗಾಳಿ ನನ್ನ ಬೆನ್ನಿನಿಂದ ಹೊರಗೆ ಹೋಗುವ ಹಾಗೆ ಫ್ಯಾನ್ ಇಟ್ಟೆ. ಬಹಳ ಜನ ಸೀಸದ ಹೊಗೆಗೆ ಹೆದರುತ್ತಾರೆ. ಎರಕದ ಬಿಸಿಯಲ್ಲಿ, ಅಂದರೆ 370 ಡಿಗ್ರಿ ಆಸುಪಾಸಿನಲ್ಲಿ, ಸೀಸ ಆವಿಯಾಗುವುದು ತೀರಾ ಕಡಿಮೆ. ನಿಜವಾದ ಅಪಾಯ ಮೇಲೆ ಕಟ್ಟುವ ಕಿಟ್ಟದ ಪುಡಿಯಲ್ಲಿದೆ, ಕೈಯಿಂದ ಬಾಯಿಗೆ ಹೋಗುವುದರಲ್ಲಿದೆ. ಆ ಕಿಟ್ಟ ಬೂದಿಯಂತೆ ಹಗುರ, ಊದಿದರೆ ಹಾರುತ್ತದೆ.

ಇನ್ನೊಂದು ಅಪಾಯ ನೀರು. ಕರಗಿದ ಸೀಸದ ಕೆಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ತಟ್ಟನೆ ಆವಿಯಾಗಿ ಪಾತ್ರೆಯ ಸೀಸವನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತದೆ. ಹ್ಯೂಸ್ಟನ್‌ನಲ್ಲಿ ಇದು ಬರೀ ಪುಸ್ತಕದ ಎಚ್ಚರಿಕೆ ಅಲ್ಲ. ಗ್ಯಾರೇಜಿನಲ್ಲಿಟ್ಟ ತಣ್ಣನೆಯ ಲೋಹದ ಗಟ್ಟಿಗಳು ಬೆಳಿಗ್ಗೆ ಬೆವರುತ್ತವೆ, ಮುಟ್ಟಿದರೆ ಕೈ ಒದ್ದೆ. ಪ್ರತಿ ಗಟ್ಟಿಯನ್ನೂ ಪಾತ್ರೆಯ ಅಂಚಿನ ಮೇಲೆ ಇಟ್ಟು, ಪೂರ್ತಿ ಬಿಸಿಯಾಗಿ ಒಣಗಿದ ಮೇಲೆಯೇ ಒಳಗೆ ಇಳಿಸಬೇಕು. ಹತ್ತಿರ ನೀರಿನ ಬಾಟಲಿ ಕೂಡ ಇಡಬೇಡಿ. ಬೆವರು ಹನಿಯದ ಹಾಗೆ ಹಣೆಗೆ ಪಟ್ಟಿ ಕಟ್ಟಿಕೊಳ್ಳಿ.

ಎರಕ ಹೊಯ್ಯುವ ಭಾಗ ನನಗೆ ತುಂಬಾ ಇಷ್ಟವಾಯಿತು. ಮರದ ಹೊಟ್ಟು ಒಂದು ಚಮಚ ಹಾಕಿ ಕಲಕಿದರೆ ಕಿಟ್ಟ ಕಪ್ಪಾಗಿ ಮೇಲೆ ಬಂದು, ಕೆಳಗೆ ಕನ್ನಡಿಯಂಥ ಲೋಹ ಕಾಣುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಸುಕ್ಕು. ಅವನ್ನು ಮತ್ತೆ ಪಾತ್ರೆಗೇ ಹಾಕಿ. ಅಚ್ಚು ಬಿಸಿ ಹತ್ತಿದ ಮೇಲೆ ಗುಂಡುಗಳು ಚೂಪು ಅಂಚಿನೊಂದಿಗೆ ಬೀಳುತ್ತವೆ. ಬಿಸಿ ಸ್ವಲ್ಪ ಹೆಚ್ಚಾದರೆ ಮೈ ಮಂಜು ಹಿಡಿದ ಹಾಗೆ ಬಿಳಿಚುತ್ತದೆ. ಪೌಡರ್ ಹಚ್ಚುವವರಿಗೆ ಅದರಿಂದ ನಷ್ಟವಿಲ್ಲ. ಬಿದ್ದ ಗುಂಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದ ಕಡೆ ಪುಡಿ ಹಿಡಿಯುವುದಿಲ್ಲ.

ಇನ್ನು ಬಣ್ಣ. ಕಾರ್ಖಾನೆಗಳಲ್ಲಿ ವಿದ್ಯುತ್ ಗನ್‌ನಿಂದ ಪುಡಿ ಸಿಂಪಡಿಸುತ್ತಾರೆ. ಮನೆಯಲ್ಲಿ ಅಷ್ಟು ಬೇಕಾಗಿಲ್ಲ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಪಾಲಿಪ್ರೊಪಿಲೀನ್. ಅದರೊಳಗೆ ಆಟದ ಏರ್‌ಸಾಫ್ಟ್ ಬಂದೂಕಿಗೆ ಬಳಸುವ ಕಪ್ಪು ಪ್ಲಾಸ್ಟಿಕ್ ಗೋಲಿಗಳು, ಒಂದು ಚಮಚ ಪುಡಿ, ಒಂದು ಹಿಡಿ ಗುಂಡು. ಮುಚ್ಚಳ ಹಾಕಿ ಗಿರಗಿರ ತಿರುಗಿಸಿದರೆ ಉಜ್ಜಾಟದಿಂದ ಸ್ಥಿರವಿದ್ಯುತ್ ಹುಟ್ಟಿ ಪುಡಿ ಗುಂಡಿಗೆ ಕಚ್ಚಿಕೊಳ್ಳುತ್ತದೆ. ಪುಡಿ ಬಹಳ ನುಣುಪು, ಮಾಸ್ಕ್ ಇಲ್ಲದೆ ಮುಚ್ಚಳ ತೆಗೆಯಬೇಡಿ. ಗಾಳಿಯಲ್ಲಿ ಹಾರಿದ ಪುಡಿಗೆ ಬೆಂಕಿ ಹತ್ತುವ ಸಾಧ್ಯತೆಯೂ ಇದೆ, ಹತ್ತಿರ ಯಾವ ಜ್ವಾಲೆಯೂ ಇರಬಾರದು.

ನನ್ನ ಡಬ್ಬಿಯಲ್ಲಿ ಪುಡಿ ಕಚ್ಚಲೇ ಇಲ್ಲ. ಗುಂಡಿನ ಒಂದು ಮಗ್ಗುಲು ಕೆಂಪು, ಇನ್ನೊಂದು ಬೂದು. ತಳಕ್ಕಂತೂ ಏನೂ ಇಲ್ಲ. ಡಬ್ಬಿ ಬದಲಿಸಿದೆ, ಗೋಲಿ ಬದಲಿಸಿದೆ, ಪುಡಿಯ ಪ್ರಮಾಣ ಬದಲಿಸಿದೆ. ಗುಂಡುಗಳನ್ನು ಅಸಿಟೋನ್‌ನಲ್ಲಿ ತೊಳೆದು ಒಣಗಿಸಿದೆ. ಅದೇ ಕಥೆ. ಕಾರಣ ಹೊರಗಡೆ ಇತ್ತು. ಗಲ್ಫ್ ಕರಾವಳಿಯ ಬೇಸಿಗೆಯಲ್ಲಿ ಗಾಳಿ ಹಿಂಡಿದರೆ ನೀರು ಸುರಿಯುತ್ತದೇನೋ ಅನ್ನುವಷ್ಟು ತೇವ. ತೇವದಲ್ಲಿ ಸ್ಥಿರವಿದ್ಯುತ್ ನಿಲ್ಲುವುದಿಲ್ಲ. ಅರಿಜೋನಾದ ಮರುಭೂಮಿಯಲ್ಲಿ ಒಂದೇ ಸಲಕ್ಕೆ ಹೊಳೆಯುವಂತೆ ಬರುವುದು ಇಲ್ಲಿ ಬರುವುದಿಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ಪರಿಹಾರ ಹೀಗಾಯಿತು. ಗ್ಯಾರೇಜಿನ ಮೂಲೆಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಒಂದನ್ನು ಇಟ್ಟು, ಹಿಂದಿನ ರಾತ್ರಿಯಿಂದಲೇ ಬಾಗಿಲು ಮುಚ್ಚಿ ಓಡಿಸಿದೆ. ಪುಡಿಯ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟೆ. ಗುಂಡುಗಳನ್ನು ಓವನ್ನಿನಲ್ಲಿ ಬೆಚ್ಚಗೆ ಮಾಡಿ, ಮೈಯ ತೇವ ಹೋದ ಮೇಲೆ ಡಬ್ಬಿಗೆ ಸುರಿದೆ. ಬರೀ ಬೆಚ್ಚಗೆ ಸಾಕು. ಜಾಸ್ತಿ ಬಿಸಿಯಾದರೆ ಪುಡಿ ಅಲ್ಲೇ ಮೆತ್ತಗಾಗಿ ಗಂಟು ಕಟ್ಟುತ್ತದೆ. ಮುಚ್ಚಳ ತೆಗೆದಾಗ ಒಂದೊಂದು ಗುಂಡಿನ ಮೇಲೂ ತಳದ ಅಂಚಿನವರೆಗೆ ಸಮನಾಗಿ ಕುಂಕುಮ ಸವರಿದ ಹಾಗೆ ಪುಡಿ ಕೂತಿತ್ತು. ಮಗಳನ್ನು ಬಿಟ್ಟು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಗುಂಡುಗಳನ್ನು ಚಿಮುಟದಲ್ಲಿ ಎತ್ತಿ, ಅಂಟದ ಫಾಯಿಲ್ ಹಾಕಿದ ತಟ್ಟೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಬೇಕು. ತಾಳ್ಮೆಯ ಕೆಲಸ. ಜಾಲರಿ ಬುಟ್ಟಿಗೆ ಸುರಿದು ಬೇಯಿಸುವವರೂ ಇದ್ದಾರೆ. ಆಗ ಗುಂಡುಗಳು ಒಂದಕ್ಕೊಂದು ಅಂಟಿ, ಬಿಡಿಸಿದ ಕಡೆ ಬಣ್ಣ ಕಿತ್ತು ಬರುತ್ತದೆ. ನನಗೆ ನಿಲ್ಲಿಸಿದ್ದೇ ಮೇಲು ಅನ್ನಿಸಿತು.

ಪುಡಿಯ ಡಬ್ಬಿಯ ಮೇಲೆ 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 204 ಸೆಲ್ಸಿಯಸ್, 20 ನಿಮಿಷ ಅಂತ ಬರೆದಿತ್ತು. ಹಾಗೇ ಮಾಡಿದೆ. ಹೊರಗೆ ಬಂದ ಗುಂಡುಗಳು ಮಿರಮಿರ ಮಿಂಚುತ್ತಿದ್ದವು. ಒಂದನ್ನು ಕಾಂಕ್ರೀಟಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದೆ. ಬಣ್ಣ ಹಕ್ಕಳೆಯಾಗಿ ಎದ್ದು ಬಂತು. ಅಸಿಟೋನ್ ಅದ್ದಿದ ಬಟ್ಟೆಯಿಂದ ಇನ್ನೊಂದನ್ನು ಒರೆಸಿದರೆ ಬಟ್ಟೆ ಕೆಂಪಾಯಿತು. ಎರಡೂ ಒಂದೇ ಮಾತು ಹೇಳುತ್ತಿದ್ದವು, ಒಳಗೆ ಬೆಂದಿಲ್ಲ.

ಗುರಿ ಅಭ್ಯಾಸದ ರೇಂಜಿನಲ್ಲಿ ಪರಿಚಯವಾದ ಹಿರಿಯರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಒಂದು ಗುಂಡಿನ ತಳದಲ್ಲಿ ಡ್ರಿಲ್‌ನಿಂದ ತೂತು ಕೊರೆದು, ಥರ್ಮೋಕಪಲ್‌ನ ತುದಿಯನ್ನು ಅದರೊಳಗೆ ತೂರಿಸಿ, ಉಳಿದ ಗುಂಡುಗಳ ಮಧ್ಯೆ ನಿಲ್ಲಿಸಿ ಓವನ್ ಹಚ್ಚುವುದು. ನೋಡುತ್ತಾ ಕೂತೆ. ಓವನ್ನಿನ ಬಿಸಿ ಹೊಂದಿಸುವ ಗುಂಡಿ 400ರಲ್ಲಿದೆ. ಒಳಗಿನ ಗಾಳಿ 365 ದಾಟುತ್ತಿಲ್ಲ. ಹತ್ತು ನಿಮಿಷವಾದರೂ ಗುಂಡು ಇನ್ನೂ 300ರ ಹತ್ತಿರವೇ ತೆವಳುತ್ತಿದೆ. ತಟ್ಟೆ ತುಂಬ ಸೀಸ ಅಂದರೆ ಬಿಸಿ ಹೀರಿಕೊಳ್ಳೋಕೆ ಸಮಯ ಬೇಕೇ ಬೇಕು. 20 ನಿಮಿಷದ ಲೆಕ್ಕ ಶುರುವಾಗಬೇಕಾದದ್ದು ಲೋಹ ಆ ಬಿಸಿಗೆ ಮುಟ್ಟಿದ ಮೇಲೆ, ಓವನ್ನಿನ ಬಾಗಿಲು ಹಾಕಿದಾಗಿನಿಂದ ಅಲ್ಲ. ಗುಂಡಿಯನ್ನು ಮೇಲಕ್ಕೆ ತಿರುಗಿಸಿ, ಲೋಹ 400 ಮುಟ್ಟಿದ ಮೇಲೆ ಗಡಿಯಾರ ನೋಡಿದೆ. ಈ ಸಲ ಸುತ್ತಿಗೆ ಏಟಿಗೆ ಗುಂಡು ನಾಣ್ಯದಂತೆ ಹರಡಿತು, ಬಣ್ಣ ಅದರ ಜೊತೆಗೇ ಹಿಗ್ಗಿತು. ಒಂದು ಚೂರೂ ಏಳಲಿಲ್ಲ. ಅಸಿಟೋನ್ ಬಟ್ಟೆ ಬೆಳ್ಳಗೇ ಉಳಿಯಿತು. ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ತೂತು ಕೊರೆದ ಆ ಗುಂಡನ್ನು ನೆನಪಿಟ್ಟುಕೊಳ್ಳಿ.

ಓವನ್ನಿನ ಬಿಸಿಗೆ ಗುಂಡು ಸ್ವಲ್ಪ ಮೆದುವಾಗುತ್ತದೆ. ಆಂಟಿಮನಿ ಇರುವ ಲೋಹವನ್ನು ಬಿಸಿಯಿದ್ದಾಗಲೇ ನೀರಿಗೆ ಸುರಿದು ಮತ್ತೆ ಗಡಸು ಮಾಡಬಹುದು. .38 ಸ್ಪೆಷಲ್‌ನಂಥ ಕಡಿಮೆ ಒತ್ತಡದ ತೋಟಾಕ್ಕೆ ನನಗೆ ಅದರ ಅಗತ್ಯ ಕಾಣಲಿಲ್ಲ.

ಬಣ್ಣದಿಂದ ಗುಂಡಿನ ದಪ್ಪ ಇಂಚಿನ ಸಾವಿರದಲ್ಲಿ ಎರಡು ಮೂರು ಪಾಲು ಏರುತ್ತದೆ. ಅದಕ್ಕೇ ಆಮೇಲೆ ಸೈಸಿಂಗ್ ಡೈ ಮೂಲಕ ತಳ್ಳಿ .358 ಇಂಚಿಗೆ ತರಬೇಕು. ಸರಿಯಾಗಿ ಬೆಂದಿದ್ದರೆ ಮೈ ಇನ್ನೂ ನುಣುಪಾಗಿ ಹೊರಬರುತ್ತದೆ. ಬೇಯದಿದ್ದರೆ ಡೈಯ ಬಾಯಲ್ಲೇ ಬಣ್ಣ ಬಳೆಯಂತೆ ಸುಲಿದು ನಿಲ್ಲುತ್ತದೆ. ತೋಟಾಕ್ಕೆ ಮದ್ದು ತುಂಬುವ ಭಾಗವನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಮುದ್ರಿತ ಲೋಡಿಂಗ್ ಕೈಪಿಡಿಯೇ ಬೇಕು, ಕೇಳಿದ ಮಾತಿನ ಮೇಲೆ ಯಾರೂ ಮದ್ದು ಅಳೆಯಬಾರದು.

ಎಲ್ಲ ತಯಾರಾದ ಮೇಲೆ ಮನೆ ಹತ್ತಿರದ ಒಳಾಂಗಣ ರೇಂಜಿಗೆ ಹೋದರೆ ಅವರು ಮನೆಯಲ್ಲಿ ತುಂಬಿದ ತೋಟಾ ಬೇಡ ಅಂದರು. ಹಲವು ಒಳಾಂಗಣ ರೇಂಜುಗಳಲ್ಲಿ ಇಂಥ ನಿಯಮ ಇರುತ್ತದೆ, ಮೊದಲೇ ಫೋನ್ ಮಾಡಿ ಕೇಳಿ. ಊರ ಹೊರಗಿನ ಬಯಲು ರೇಂಜಿನಲ್ಲಿ ಒಪ್ಪಿದರು. ಪೂರ್ತಿ ಒಂದು ಡಬ್ಬಿ ಹೊಡೆದ ಮೇಲೆ ನಳಿಗೆಗೆ ಬಿಳಿ ಬಟ್ಟೆ ತೂರಿಸಿ ಎಳೆದೆ. ಮದ್ದಿನ ಕಪ್ಪು ಬಂತು, ಸೀಸದ ಬೂದು ಎಳೆ ಒಂದೂ ಬರಲಿಲ್ಲ. ಅಷ್ಟೂ ತಿಂಗಳು ಕಾದಿದ್ದು ಸಾರ್ಥಕ ಅನ್ನಿಸಿತು. ಮನಸ್ಸು ಹಗುರವಾಯಿತು.

ಹಣ ಉಳಿಸೋಕೆ ಮಾತ್ರ ಈ ಕೆಲಸ ಬೇಕಾ ಅಂತ ಕೇಳಿದರೆ, ತಿಂಗಳಿಗೆ ಒಂದೆರಡು ಡಬ್ಬಿ ಹೊಡೆಯುವವರು ಬಣ್ಣ ಹಚ್ಚಿದ ರೆಡಿಮೇಡ್ ಗುಂಡುಗಳನ್ನೇ ಕೊಳ್ಳಿ ಅಂತ ಹೇಳುತ್ತೇನೆ. ವಿಷಕಾರಿ ಲೋಹದ ಜೊತೆ ಮನೆಯಲ್ಲಿ ಬದುಕುವ ಶಿಸ್ತಿಗೆ ಬೆಲೆ ಕಟ್ಟೋಕೆ ಆಗಲ್ಲ. ನನ್ನ ಶಿಸ್ತು ಹೀಗಿದೆ: ಗ್ಯಾರೇಜಿಗೆ ಬೇರೆ ಬಟ್ಟೆ, ಬೇರೆ ಚಪ್ಪಲಿ. ಆ ಬಟ್ಟೆ ಮಗಳ ಬಟ್ಟೆಯ ಜೊತೆ ಮೆಷಿನ್ನಿಗೆ ಬೀಳುವುದಿಲ್ಲ. ಕೆಲಸದ ನಡುವೆ ಕಾಫಿ ಇಲ್ಲ, ಫೋನ್ ಮುಟ್ಟುವುದಿಲ್ಲ. ಮುಗಿದ ಕೂಡಲೇ ಸ್ನಾನ. ನೆಲವನ್ನು ಪೊರಕೆಯಿಂದ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಬಿಸಾಡುತ್ತೇನೆ. ಕಿಟ್ಟವನ್ನು ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟು, ಊರಿನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡುತ್ತೇನೆ.

ಊರಿಗೆ ಹೋಗುವವರಿಗೆ ಒಂದು ಮಾತು ಹೇಳಲೇಬೇಕು. ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಬಳಸಬೇಡಿ. ಭಾರತದ 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಮದ್ದುಗುಂಡೇ. ಬ್ಯಾಗಿನ ಜೇಬಿನಲ್ಲಿ ಮರೆತ ಒಂದೇ ಒಂದು ತೋಟಾಕ್ಕಾಗಿ ವಿಮಾನ ನಿಲ್ದಾಣದಲ್ಲಿ ಕೇಸು ಹಾಕಿಸಿಕೊಂಡವರು ಎಷ್ಟೋ ಜನ ಇದ್ದಾರೆ. ಇನ್ನು ನಮ್ಮ ಕೊಡಗಿನ ಹುಡುಗರು ಇದನ್ನು ಓದಿ ಊರಲ್ಲಿ ಮಾಡಿ ನೋಡೋಣ ಅಂದುಕೊಳ್ಳಬೇಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರ ತನಕ ಮುಂದುವರಿಸಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಸುವುದಕ್ಕೆ ಅದೇ ಕಾಯ್ದೆಯ 5ನೇ ಕಲಮಿನಲ್ಲಿ ಬೇರೆಯೇ ಲೈಸೆನ್ಸ್ ಬೇಕು.